ತುಟಿಯಲ್ಲಿ ಗಮಕ: ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ವಾದನದಲ್ಲಿ ಪ್ರಯೋಗದ ನೆಲೆ

ಕರ್ನಾಟಕ ಸಂಗೀತದಲ್ಲಿ ‘ಮನೋಧರ್ಮ’ ಎಂದರೆ ರಾಗದ ಚೌಕಟ್ಟಿನೊಳಗೇ ಇದ್ದುಕೊಂಡು ಕಲಾವಿದನು ಕಛೇರಿಯಲ್ಲಿ ಆ ಕ್ಷಣಕ್ಕೆ ಕಟ್ಟುವ ಸಂಗೀತ. ಆಲಾಪನೆ, ನೆರವಲ್, ಕಲ್ಪನಾಸ್ವರಗಳು ಅದರ ಮುಖ್ಯ ರೂಪಗಳು. ಜಾಜ್ ಕಲಾವಿದರೊಡನೆ ನುಡಿಸಿದ ಕಾರಣಕ್ಕೆ ಕದ್ರಿ ಗೋಪಾಲನಾಥ್ (1949–2019) ಅವರನ್ನು ಸಮ್ಮಿಳನ ಸಂಗೀತಗಾರರೆಂದು ಗುರುತಿಸುವುದುಂಟಾದರೂ, ಅವರ ಮೂಲ ಪ್ರಯೋಗವು ಆ ಭೇಟಿಗಳಿಗೂ ಮುಂಚೆ, ವಾದ್ಯದ ಒಡಲಿನಲ್ಲೇ ನಡೆದಿತ್ತೆಂಬುದು ಈ ಲೇಖನದ ಪ್ರತಿಪಾದನೆ.

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದವರಾದ ಗೋಪಾಲನಾಥರು ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತ ಅವರು ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದರು. ಕೊಳಲಿನ ರಂಧ್ರವನ್ನು ಬೆರಳೇ ನೇರವಾಗಿ ಮುಚ್ಚುವುದರಿಂದ ಅದನ್ನು ಅರೆತೆರೆದು, ಬೆರಳನ್ನು ಜಾರಿಸಿ, ಗಮಕವನ್ನು, ಅಂದರೆ ನೆರೆಯ ಸ್ವರಸ್ಥಾನಗಳ ನಡುವಿನ ತೂಗಾಟವನ್ನು, ತರಬಹುದು. ಸ್ಯಾಕ್ಸೋಫೋನಿನಲ್ಲಾದರೋ ರಂಧ್ರವನ್ನು ಕೀಲಿಯ ಮುಚ್ಚಳವು ಮುಚ್ಚುವುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲಿನಂತೆ ಹಾರಬೇಕಾಗುತ್ತದೆ. ಈ ತೊಡಕಿಗೆ ಅವರು ಕೀಲಿಗಳ ರಚನೆಯಲ್ಲಿ ಮಾರ್ಪಾಡು ಮಾಡಿಕೊಂಡದ್ದಲ್ಲದೆ, ತುಟಿಯ ಒತ್ತಡ ಮತ್ತು ಉಸಿರಿನ ಹದದಿಂದ ಸ್ವರವನ್ನು ಬಾಗಿಸುವ ಕ್ರಮವನ್ನು ವರ್ಷಗಟ್ಟಲೆ ಸಾಧಿಸಿದರು. ನಾಗಸ್ವರವಾದನದ ಜೀವವೂ ತುಟಿ ಮತ್ತು ಉಸಿರಿನ ಇದೇ ಹಿಡಿತದಲ್ಲಿರುವುದರಿಂದ, ಪರದೇಶದ ವಾದ್ಯದಲ್ಲಿ ಮುಂದುವರಿದದ್ದು ಮನೆಯ ವಿದ್ಯೆಯೇ ಎನ್ನಬಹುದು.

1980ರ ಮುಂಬಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ನಡೆದ ವಾದನ, ಕೊಳಲುವಾದಕ ಜೇಮ್ಸ್ ನ್ಯೂಟನ್ ಅವರೊಡನೆ ಹೊರತಂದ ‘ಸದರ್ನ್ ಬ್ರದರ್ಸ್’, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ, ಇವೆಲ್ಲ ಆ ಸಾಧನೆಯ ಮೇಲೆ ನಿಂತವು. 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕರ್ನಾಟಕ ಮೂಲದ ಕುಟುಂಬದವರೂ ಅಮೆರಿಕದಲ್ಲಿ ಬೆಳೆದವರೂ ಆದ ರುದ್ರೇಶ್ ಮಹಾಂತಪ್ಪ ಅದರಲ್ಲಿ ಗೋಪಾಲನಾಥರೊಡನೆ ಆಲ್ಟೊ ಸ್ಯಾಕ್ಸೋಫೋನನ್ನೇ ನುಡಿಸಿದ್ದಾರೆ, ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ರೆಜ್ ಅಬ್ಬಾಸಿ ಅವರ ಗಿಟಾರ್ ಜೊತೆಗಿವೆ. ವಾದ್ಯ ಒಂದೇ ಆಗಿರುವುದರಿಂದ ಇಬ್ಬರ ನಡುವಣ ಅಂತರವು ನಾದದ ಬಣ್ಣಕ್ಕಿಂತ ಹೆಚ್ಚಾಗಿ ಸ್ವರವನ್ನು ಹಿಡಿದು ಬಿಡುವ ರೀತಿಯಲ್ಲಿ, ಅಂದರೆ ಗಮಕದಲ್ಲಿ, ಕೇಳಿಸುತ್ತದೆ.

ಗೋಪಾಲನಾಥರು ವಾದ್ಯದ ಅನುಕೂಲಕ್ಕಾಗಿ ರಾಗವನ್ನು ಸಡಿಲಿಸಲಿಲ್ಲ. ರಾಗಕ್ಕೆ ಬೇಕಾದಂತೆ ವಾದ್ಯವನ್ನು ಪಳಗಿಸಿದರು. ಅನ್ಯ ಪರಂಪರೆಯ ಕಲಾವಿದರ ಎದುರು ಸರಿಸಮನಾಗಿ ಕುಳಿತು ಮನೋಧರ್ಮವನ್ನು ಹರಿಯಬಿಡುವ ಸ್ವಾತಂತ್ರ್ಯ ಅವರಿಗೆ ದೊರೆತದ್ದು ಈ ನಿಷ್ಠುರ ಸಾಧನೆಯಿಂದಲೇ.