ರಾಬರ್ಟ್‌ಸನ್‌ಪೇಟೆ: ನಾವು ನೆಲೆನಿಂತ ನೆಲ

ಧರ್ಮಕೇಂದ್ರವೊಂದರ ಚರಿತ್ರೆಯೆಂದರೆ ಕೇವಲ ದೇವಾಲಯದ ಕಟ್ಟಡದ ಚರಿತ್ರೆಯಲ್ಲ. ಅದರ ಸುತ್ತ ಬಾಳಿ ಅಳಿದ ಜನರ ಚರಿತ್ರೆಯೂ ಹೌದು. ಆದುದರಿಂದ ಈ ಶತಮಾನೋತ್ಸವದ ಶುಭ ಸಂದರ್ಭದಲ್ಲಿ ನಮ್ಮ ಪೇಟೆಯ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಬಯಸುತ್ತೇವೆ.

1870ರ ದಶಕದಲ್ಲಿ ಲಾವೆಲ್ ಎಂಬ ಐರಿಷ್ ಸೈನಿಕನು ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ಅಗೆಯುವ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಡಜನರು ಕುಟುಂಬಸಮೇತರಾಗಿ ಬಂದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಬಂದಿತು. 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಶಿವನಸಮುದ್ರದಿಂದ ವಿದ್ಯುತ್ತು ಹರಿದುಬಂದಿತು. ಆದರೆ ಅದು ಬಂದುದು ಗಣಿಯ ಯಂತ್ರಗಳಿಗಾಗಿ, ಕೂಲಿಯವರ ಗುಡಿಸಲಿಗಾಗಿ ಅಲ್ಲ.

ಕೂಲಿಯವರು ವಾಸವಾಗಿದ್ದುದು ಕಂಪನಿಯ ‘ಲೈನು’ಗಳಲ್ಲಿ. ತಟ್ಟಿಯ ಗೋಡೆಯ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಅಲ್ಲಿ ಮನೆಯು ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಲೈನುಗಳ ಪಕ್ಕದಲ್ಲೇ ನೇರವಾದ ಬೀದಿಗಳೂ ಅಡ್ಡರಸ್ತೆಗಳೂ ಉಳ್ಳ ಹೊಸ ಪೇಟೆಯೊಂದು ರೂಪುಗೊಂಡಿತು. ಮೈಸೂರಿನ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರು ಅದಕ್ಕೆ ಬಂದಿತು. ವರ್ತಕರು ಬಂದರು, ಸಂತೆ ಕೂಡಿತು. ಸುರಂಗದಲ್ಲಿ ಬೆವರು ಸುರಿಸಿ ಕಾಸಿಗೆ ಕಾಸು ಕೂಡಿಸಿದವನಿಗೆ ಇಲ್ಲೊಂದು ಪುಟ್ಟ ಮನೆ ಕಟ್ಟಿ ‘ಇದು ನನ್ನದು’ ಎನ್ನುವ ಆಸೆ ಚಿಗುರಿತು.

ನಮ್ಮ ಹಳೆಯ ಜ್ಞಾನಸ್ನಾನದ ದಾಖಲೆಗಳನ್ನು ತಿರುವಿ ಹಾಕುವಾಗ ತಂದೆಯ ಕಸುಬಿನ ಜಾಗದಲ್ಲಿ ‘ಗಣಿ’ ಎಂಬ ಒಂದೇ ಮಾತನ್ನು ಪುಟಪುಟದಲ್ಲೂ ಕಾಣುತ್ತೇವೆ. ಮರಣದ ಪುಸ್ತಕದಲ್ಲಿ ಪ್ರಾಯ ನಲವತ್ತನ್ನು ದಾಟದ ಹೆಸರುಗಳು ಅನೇಕ. ಬಂಡೆಯ ಸಿಡಿತ, ಶ್ವಾಸಕೋಶವನ್ನು ತಿಂದ ಕಲ್ಲುಧೂಳು, ಇವೇ ಅದಕ್ಕೆ ವಿವರಣೆ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ ಹೊರಬಂದ ಚಿನ್ನದ ಬೆಲೆಯನ್ನು ಜಗತ್ತು ಬಲ್ಲದು. ಈ ಹೆಸರುಗಳ ಬೆಲೆಯನ್ನು ದೇವರು ಬಲ್ಲನು.

1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ವಶವಾದವು, 1962ರಲ್ಲಿ ಕೇಂದ್ರಕ್ಕೆ ಸೇರಿದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ಸೈನೈಡ್ ದಿಬ್ಬಗಳು ಉಳಿದವು; ಗಾಳಿ ಬೀಸಿದಾಗ ಅವುಗಳ ಧೂಳು ನಮ್ಮ ಅಂಗಳಕ್ಕೂ ಬರುತ್ತದೆ. ಮುಂಜಾವಿನ ಕತ್ತಲಲ್ಲಿ ನಮ್ಮ ಯುವಕ ಯುವತಿಯರು ಬುತ್ತಿ ಹಿಡಿದು ಬೆಂಗಳೂರಿನ ರೈಲು ಹತ್ತುತ್ತಾರೆ, ರಾತ್ರಿ ಮರಳುತ್ತಾರೆ. ಗಣಿ ಮುಚ್ಚಿದರೂ ಅವರು ಈ ನೆಲವನ್ನು ತೊರೆಯಲಿಲ್ಲ.

ಅಜ್ಜಂದಿರು ಅನ್ನಕ್ಕಾಗಿ ಇಲ್ಲಿಗೆ ಬಂದರು. ಮೊಮ್ಮಕ್ಕಳು ಅನ್ನಕ್ಕಾಗಿ ಹೊರಗೆ ಹೋಗಿ ಮನೆಗಾಗಿ ಇಲ್ಲಿಗೇ ಮರಳುತ್ತಾರೆ. ಹಿರಿಯರು ಹಂಬಲಿಸಿದ ಸ್ವಂತ ಸೂರು ಇನ್ನೂ ಲೈನುಗಳಲ್ಲೇ ಇರುವವರಿಗೂ ದೊರೆಯಲೆಂದು ಪ್ರಾರ್ಥಿಸೋಣ. ಪ್ರಾರ್ಥನೆಯೊಡನೆ ಅದಕ್ಕಾಗಿ ದುಡಿಯೋಣ.