ಉದಕಮಂಡಲದ ಹೆಸರೂ ಕೆರೆಯೂ

ನೀಲಗಿರಿಯ ಮೇಲಿನ ಊಟಿಗೆ ಕನ್ನಡದಲ್ಲಿ ಉದಕಮಂಡಲವೆಂಬ ಹೆಸರು ರೂಢವಾಗಿರುವುದು ಸರ್ವವಿದಿತವಷ್ಟೆ. ಉದಕವೆಂದರೆ ನೀರು, ಮಂಡಲವೆಂದರೆ ಪ್ರದೇಶ. ಊರಿನಲ್ಲಿ ಹೆಸರಾಂತ ಕೆರೆಯೊಂದೂ ಇದೆ. ಆದುದರಿಂದ ಕೆರೆಯೇ ಊರಿಗೆ ಹೆಸರನ್ನು ಕೊಟ್ಟಿತೆಂದು ಭಾವಿಸುವುದು ಸಹಜ. ಅರ್ಥವೇನೋ ರಮಣೀಯವಾಗಿದೆ, ಕಾಲಕ್ರಮಕ್ಕೆ ಮಾತ್ರ ಒಪ್ಪುವುದಿಲ್ಲ.

ಈ ಗಿರಿಪ್ರದೇಶವು ಕನ್ನಡ ನಾಡಿನ ಇತಿಹಾಸಕ್ಕೆ ಹೊರತಾದುದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಹೊಕ್ಕನೆಂದು ಚಾಮರಾಜನಗರದ ಕ್ರಿ. ಶ. 1117ರ ಶಾಸನವು ತಿಳಿಸುತ್ತದೆ. ಶಾಸನದ ತೊದವರೇ ಇಂದಿನ ತೋಡರು. ಎಮ್ಮೆಗಳೇ ಇವರ ಐಶ್ವರ್ಯ. ಹಾಲುಮನೆಯೇ ಇವರ ದೇವಾಲಯ. ಇವರ ಸಣ್ಣ ಹಟ್ಟಿಗೆ ನೆರೆಯ ಜನರು ಹೇಳುವ ಮಾತು ಮಂದು ಎಂಬುದು. ನಮ್ಮ ‘ಮಂದೆ’ಯೂ ಇದೇ ಧಾತುವಿನದೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಬಡಗಣಿಂದ ಬಂದು ನೆಲಸಿ ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಬಡಗರೂ ಅಲ್ಲಿ ಬಹುಕಾಲದಿಂದ ಇದ್ದಾರೆ. ದೊಡ್ಡಬೆಟ್ಟವೆಂಬ ಶಿಖರನಾಮವೇ ಸಾಕ್ಷಿ.

ಕ್ರಿ. ಶ. 1799ರಲ್ಲಿ ಟೀಪು ಸುಲ್ತಾನನ ಪತನಾನಂತರ ನೀಲಗಿರಿಯು ಕಂಪೆನಿಯ ವಶವಾಯಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ ಎಂಬಾತನು ಬೆಟ್ಟವನ್ನೇರಿ, ಅಲ್ಲಿಯ ತಂಪಾದ ಹವೆಗೆ ಮಾರುಹೋದನು. 1821ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಈ ಸ್ಥಳದ ಹೆಸರು ‘ವೊಟೊಕಿಮಂಡ್’ ಎಂದು ಅಚ್ಚಾಯಿತು. ಮರುವರ್ಷ ಸಲಿವನ್ನನು ಇಲ್ಲಿ ಕಲ್ಲುಮನೆಯನ್ನು ಕಟ್ಟಿಸತೊಡಗಿದನು. ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿಸಿ ಕೆರೆಯನ್ನು ಮಾಡಿಸಿದುದು ಅದಕ್ಕೂ ಈಚೆಗೆ, 1823ರಿಂದ 1825ರೊಳಗೆ. ಹೀಗೆ ಹೆಸರು ಮೊದಲು, ಕೆರೆ ಅನಂತರ.

ಕಣಿವೆಯಲ್ಲಿ ತೊರೆಗಳು ಮೊದಲೇ ಇದ್ದುವಲ್ಲ, ಉದಕಶಬ್ದವು ಅವುಗಳಿಂದ ಬಂದಿರಬಾರದೇಕೆ ಎಂದರೆ, ಹಳೆಯ ರೂಪವೇ ಅದಕ್ಕೆ ಉತ್ತರ. ಅದರಲ್ಲಿ ಉದಕದ ದಕಾರವೂ ಇಲ್ಲ, ಮಂಡಲದ ಲಕಾರವೂ ಇಲ್ಲ. ‘ಒಂಟಿಕಲ್ಲಿನ ಮಂದು’ ಎಂಬ ವಿವರಣೆಯೇ ಇದಕ್ಕಿಂತ ಯುಕ್ತವಾಗಿ ತೋರುತ್ತದೆ. ದೇಶ್ಯನಾಮಕ್ಕೆ ಸಂಸ್ಕೃತದ ಉಡುಪನ್ನು ತೊಡಿಸಿ, ಬಳಿಕ ಆ ಉಡುಪನ್ನೇ ಮೈಯೆಂದು ನಂಬುವ ಅಭ್ಯಾಸವು ನಮ್ಮಲ್ಲಿ ಹೊಸದಲ್ಲ.

ಇದು ಬರಿಯ ಶಬ್ದಚರ್ಚೆಯಲ್ಲ. ಉದಕಮಂಡಲವೆಂದೊಡನೆ ನೆನಪಿಗೆ ಬರುವುದು ವಿಹಾರಿಗಳ ಕೆರೆ. ಮಂದು ಎಂದಾಗ ನೆನಪಿಗೆ ಬರುವವರು ಆ ನೆಲದಲ್ಲಿ ಎಮ್ಮೆ ಮೇಯಿಸಿದ ಜನ. ಕಲ್ಲುಮನೆಗೂ ತೋಟಗಳಿಗೂ ಜಾಗವು ದೊರೆತುದು ಈ ತೋಡರ ಹುಲ್ಲುಗಾವಲಿನಲ್ಲಿಯೇ. ಸಲಿವನ್ನನೇ ಮುಂದೆ ಅವರ ಭೂಸ್ವಾಮ್ಯದ ಪರವಾಗಿ ವಾದಿಸಿದನೆಂಬುದನ್ನು ಇಲ್ಲಿ ಹೇಳದಿರುವುದು ನ್ಯಾಯವಲ್ಲ. ಆ ವಾದವು ಸರ್ಕಾರದಲ್ಲಿ ಗೆಲ್ಲಲಿಲ್ಲ. ಊರಂತೂ ಬೆಳೆಯಿತು. 1830ರಲ್ಲಿ ಇಗರ್ಜಿಯ ಪ್ರತಿಷ್ಠೆಯಾಯಿತು, 1848ರಲ್ಲಿ ಸಸ್ಯೋದ್ಯಾನದ ಕೆಲಸ ಮೊದಲಾಯಿತು, ಮದರಾಸಿನ ಸರ್ಕಾರವು ಬೇಸಗೆಯನ್ನು ಇಲ್ಲಿಯೇ ಕಳೆಯತೊಡಗಿತು, ಮೈಸೂರಿನ ಅರಸರಿಗೂ ಫರ್ನ್‌ಹಿಲ್ಲಿನಲ್ಲಿ ಅರಮನೆಯಾಯಿತು. 1908ರಲ್ಲಿ ರೈಲುಬಂಡಿಯು ಊರನ್ನು ಮುಟ್ಟಿತು.

ಕೆರೆಯಾದರೋ ಕ್ರಮೇಣ ಕಿರಿದಾಗುತ್ತ ಬಂದಿತು. ಒಮ್ಮೆ ನೀರಿದ್ದೆಡೆಯಲ್ಲಿ ಮುಂದೆ ಕುದುರೆಯೋಟದ ಬಯಲೂ ಬಸ್ಸು ನಿಲ್ದಾಣವೂ ಆದುವು. ತೋಡರ ಮಂದೊಂದು ಸಸ್ಯೋದ್ಯಾನದ ಮೇಲಣ ದಿಣ್ಣೆಯಲ್ಲಿ ಇಂದಿಗೂ ಉಳಿದಿದೆ.