ಹಲ್ಲಿನ ಕಲೆಯಿಂದ ಗುಳಿಗೆಯವರೆಗೆ: ಫ್ಲೋರೈಡಿನ ಕಥೆ

1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದ ತರುಣ ದಂತವೈದ್ಯ ಫ್ರೆಡರಿಕ್ ಮೆಕೇ ಒಂದು ವಿಚಿತ್ರವನ್ನು ಗಮನಿಸಿದರು. ಅಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗದು. ಆದರೆ ಆ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ! ಕುಡಿಯುವ ನೀರಿನ ಮೇಲೆ ಅನುಮಾನ ಬಂದರೂ, ಅದರಲ್ಲಿರುವುದೇನೆಂದು ತಿಳಿಯಲು 30 ವರ್ಷ ಬೇಕಾಯಿತು.

ಉತ್ತರ ಸಿಕ್ಕಿದ್ದು 1931ರಲ್ಲಿ, ಅಲ್ಯುಮಿನಿಯಂ ಕಂಪನಿಯೊಂದರ ರಸಾಯನ ತಜ್ಞ ಎಚ್.ವಿ. ಚರ್ಚಿಲ್ ಅವರಿಗೆ. ಅಲ್ಯುಮಿನಿಯಂ ಪಾತ್ರೆ ವಿಷಕಾರಿ ಎಂಬ ಪುಕಾರು ಆಗ ಹಬ್ಬಿತ್ತು. ಕಂಪನಿಯ ಗಣಿ ಇದ್ದ ಬಾಕ್ಸೈಟ್ ಎಂಬ ಊರಿನ ಮಕ್ಕಳ ಹಲ್ಲಿನಲ್ಲೂ ಅದೇ ಕಲೆ ಇದ್ದುದರಿಂದ, ದೂರು ಎಲ್ಲಿ ತಮ್ಮ ಲೋಹದ ಮೇಲೆ ಬರುವುದೋ ಎಂಬ ಆತಂಕ ಅವರದು. ಅಲ್ಲಿನ ನೀರಿನಲ್ಲಿ ಕಂಡ ಫ್ಲೋರೈಡಿನ ಪ್ರಮಾಣವನ್ನು ನಂಬಲಾಗದೆ ಹೊಸ ಮಾದರಿ ತರಿಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. (ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಈ ತಾಳ್ಮೆ ಅಪರೂಪ.)

ಮುಂದೆ ಟ್ರೆಂಡ್ಲಿ ಡೀನ್ ಊರೂರಿನ ನೀರು, ಹಲ್ಲು ಎರಡನ್ನೂ ತಾಳೆ ನೋಡಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದಲ್ಲಿ ಕಲೆ ಅತ್ಯಲ್ಪ, ಹುಳುಕೂ ಕಡಿಮೆ. 1945ರ ಜನವರಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನಲ್ಲಿನೀರಿಗೆ ಇದೇ ಪ್ರಮಾಣದಲ್ಲಿ ಫ್ಲೋರೈಡ್ ಬೆರೆಸಲಾಯಿತು. ಆನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕೂ ಹೆಚ್ಚು ಇಳಿಯಿತು.

ಇಂಥ ನೀರು ಸಿಗದ ಮಕ್ಕಳಿಗಾಗಿ ಫ್ಲೋರೈಡ್ ಗುಳಿಗೆ, ಹನಿಗಳು ಬಂದವು. ತೊಡಕು ಶುರುವಾದದ್ದು ಇಲ್ಲೇ. ಶಾಶ್ವತ ಹಲ್ಲುಗಳ ಎನಾಮೆಲ್ ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು 8 ವರ್ಷದವರೆಗೆ, ನೀರು, ನುಂಗಿದ ಪೇಸ್ಟು, ಗುಳಿಗೆ ಎಲ್ಲ ಸೇರಿ ಫ್ಲೋರೈಡ್ ಹೆಚ್ಚಾದರೆ ಮೆಕೇ ಕಂಡ ಕಲೆಯೇ ಮರಳಿ ಬರುತ್ತದೆ. 1994ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಗುಳಿಗೆಯ ಪ್ರಮಾಣ ತಗ್ಗಿಸಿತು: 6 ತಿಂಗಳೊಳಗಿನ ಶಿಶುವಿಗೆ ಬೇಡವೇ ಬೇಡ, ನೀರಿನಲ್ಲಿ ಲೀಟರಿಗೆ 0.6 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಯಾವ ಮಗುವಿಗೂ ಬೇಡ. ಫ್ಲೋರೈಡಿನ ಉಪಕಾರ ಬಹುಪಾಲು ಹಲ್ಲಿನ ಮೇಲ್ಮೈಯಲ್ಲೇ ನಡೆಯುತ್ತದೆಂಬುದೂ ಅಷ್ಟರಲ್ಲಿ ತಿಳಿದುಬಂದಿತ್ತು.

ನಮ್ಮ ನೆಲದ ಕಥೆ ಬೇರೆ. ಫ್ಲೋರೈಡ್ ಹೆಚ್ಚಾಗಿ ಮೂಳೆ, ಕೀಲುಗಳೂ ಸೆಟೆದುಕೊಳ್ಳುವ ಫ್ಲೋರೋಸಿಸ್ ರೋಗ 1937ರಲ್ಲೇ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿಯಾಗಿತ್ತು. ನಮ್ಮ ಪಾವಗಡ, ಮುಂಡರಗಿ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್, ಭಾರತೀಯ ಮಾನಕದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ. ಇಂಥ ಕಡೆ ಮಗುವಿನ ಹಲ್ಲು ಗಟ್ಟಿಯಾಗಲೆಂದು ಗುಳಿಗೆ ಕೊಡುವುದು ಉಪಕಾರವಲ್ಲ, ಅಪಾಯ. ಮೊದಲು ಬಾವಿಯ ನೀರು ಪರೀಕ್ಷೆಯಾಗಬೇಕು. ಗುಳಿಗೆಯ ಮಾತು ಆಮೇಲೆ, ಅದೂ ದಂತವೈದ್ಯರ ಬಾಯಿಂದ. ಕುದಿಸಿದರೆ ಫ್ಲೋರೈಡ್ ಹೋದೀತೆಂದು ನಂಬಿದವರೂ ಇದ್ದಾರೆ. ಕುದಿಸಿದಾಗ ಆವಿಯಾಗುವುದು ನೀರು. ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ.